ಕಾಕಾನ ದನಿಯಲ್ಲಿ ನಾನು ಹೇಳಿದ ‘ಶಕ್ ಇಲ್ರಿ’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಯಾರ್ಡಿನಿಂದ ಆ ದಿನ ನೀರಿಗಿಳಿದ ಬಾರ್ಜಿನ ಹಿಂಬದಿ ಜಜ್ಜಿಹೋದದ್ದು ನನ್ನ ಬಾಯಿಂದ. ಕೈಯಿಂದ ಅಲ್ಲ, ಕೈಗೆ ನಾನು ಅಷ್ಟೊಂದು ಕೆಲಸ ಕೊಟ್ಟವನೇ ಅಲ್ಲ. ಆ ಹೊತ್ತಿನಲ್ಲಿ ಅಲ್ಲಿ ಇಲ್ಲದ ಒಬ್ಬ ಹಿರಿಯರ ದನಿ ತೆಗೆದು, ಅವರ ಪರವಾಗಿ “ನಂದೇನೂ ಶಕ್ ಇಲ್ರಿ” ಎಂದೆ, ಅಂದರೆ ಸಂಶಯವೇನೂ ಇಲ್ಲ ಎಂದು. ಸುತ್ತ ನಿಂತವರೆಲ್ಲ ನಕ್ಕರು. ಅಷ್ಟಕ್ಕೆ ಬಿಟ್ಟಿದ್ದರೆ ನನ್ನ ದಿನನಿತ್ಯದ ಹುಚ್ಚಾಟಗಳಲ್ಲಿ ಅದೂ ಒಂದಾಗಿ ಮುಗಿಯುತ್ತಿತ್ತು. ನಾನು ಅದನ್ನು ಕಾಗದದ ಮೇಲೂ ಬರೆದೆ. ವಾರದೊಳಗೆ ಆ ಕಾಗದ ಆ ಹಿರಿಯರ ಕೆಲಸವನ್ನೇ ಕಿತ್ತುಕೊಳ್ಳಲು ಹೊರಟಿತ್ತು.

ದನಿ ತೆಗೆಯುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ಗೋವಾದ ವಾಸ್ಕೋ ಊರಿನ ಮಂಗೋರ್ ಹಿಲ್‌ನಲ್ಲಿ ಬೆಳೆದವನಿಗೆ ಅದಕ್ಕೆ ಬೇಕಾದ ಸರಕಿಗೆ ಕೊರತೆಯಿಲ್ಲ. ಒಂದು ಗೋಡೆಯಾಚೆ ವಿಜಯಪುರದ ಜಗಳ, ಇನ್ನೊಂದು ಗೋಡೆಯಾಚೆ ಕೊಂಕಣಿ ಜೋಗುಳ, ಕೆಳಗೆ ಇಳಿಜಾರಿನಲ್ಲಿ ಹಿಂದಿಯಲ್ಲಿ ಮೀನಿನ ಚೌಕಾಶಿ. ಧಾರವಾಡದಿಂದ ಬಂದು ಅಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪ ಶಿಸ್ತಿನ ಮನುಷ್ಯ. ಅವರು ಆಫೀಸಿಗೆ ಹೋದ ಮೇಲೆ ಅವರ ದನಿಯಲ್ಲಿ ನಾನೇ ನನ್ನನ್ನು ಬೈದುಕೊಂಡು ಅವ್ವನನ್ನು ನಗಿಸುತ್ತಿದ್ದೆ. “ಎಲ್ಲಾರ ದನಿ ತಗೀತಿ, ನಿಂದು ಯಾವಾಗ ತಗೀತಿ?” ಎಂದು ಅವ್ವ ಕೇಳುತ್ತಿದ್ದಳು. ಆ ಪ್ರಶ್ನೆಗೂ ಅವಳದೇ ದನಿಯಲ್ಲಿ ಉತ್ತರ ಕೊಟ್ಟು ಲಟ್ಟಣಿಗೆಯಿಂದ ತಪ್ಪಿಸಿಕೊಂಡಿದ್ದೇನೆ.

ಡಿಪ್ಲೊಮಾ ಮುಗಿಸಿ ಕೊರ್ತಾಲಿಮ್ ಹತ್ತಿರ ಜುವಾರಿ ನದಿಯ ದಂಡೆಯ ಒಂದು ಯಾರ್ಡಿಗೆ ಸೇರಿದೆ. ಅದಿರು ಸಾಗಿಸುವ ಚಪ್ಪಟೆ ಹಡಗುಗಳನ್ನು, ಅಂದರೆ ಬಾರ್ಜುಗಳನ್ನು, ನೀರಿನಿಂದ ಮೇಲಕ್ಕೆಳೆದು, ತಳ ಕೆರೆದು, ತುಕ್ಕು ತಿಂದ ತಗಡು ಬದಲಿಸಿ, ಬಣ್ಣ ಬಳಿದು ಮತ್ತೆ ನೀರಿಗಿಳಿಸುವುದು ಅಲ್ಲಿಯ ಕೆಲಸ. ಪ್ಲಾನಿಂಗ್ ಆಫೀಸಿನ ಕೊನೆಯ ಕುರ್ಚಿ ನನ್ನದು. ನಾನು ಸೇರಿದ ಮರುವರ್ಷ ಯಾರ್ಡಿಗೆ ಹೊಸ ಸಿಇಒ ಬಂದರು. ಸೈನ್ಯದ ಇಂಜಿನಿಯರ್ ದಳದಲ್ಲಿ ಇಪ್ಪತ್ತಾರು ವರ್ಷ ದುಡಿದು ಕರ್ನಲ್ ಆಗಿ ಹೊರಬಂದವರು, ಬೆಳಗಾವಿಯವರು. ಬಾಗಿಲ ಮೇಲೆ ಏನೇ ಬರೆಸಿದ್ದರೂ ಯಾರ್ಡಿಗೆಲ್ಲ ಅವರು ಕರ್ನಲ್ ಸಾಹೇಬರೇ.

ಮೊದಲ ದಿನ ಅವರು ಬೆಳಿಗ್ಗೆ ಏಳಕ್ಕೆ ಗೇಟಿಗೆ ಬಂದರು. ಹೊಸ ಸಾಹೇಬರ ಮುಖ ನೋಡಿರದ ಕಾವಲುಗಾರ, “ಆಫೀಸು ಒಂಬತ್ತಕ್ಕ ತಗೀತಾರ, ಅಲ್ಲಿ ಕುಂದರ್ರಿ” ಎಂದು ಬೆಂಚು ತೋರಿಸಿದ. ಅವರು ತಾವು ಯಾರೆಂದು ಹೇಳದೆ ಕೂತರು. ಎರಡು ತಾಸಿನಲ್ಲಿ ಯಾರು ಯಾವಾಗ ಬರುತ್ತಾರೆ, ಯಾರು ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಾರೆ, ಯಾರು ಬೀಡಿಯನ್ನು ಎಲ್ಲಿ ಬಚ್ಚಿಡುತ್ತಾರೆ ಎಲ್ಲ ಅವರಿಗೆ ಬಾಯಿಪಾಠವಾಯಿತು. ಮೂರನೇ ವಾರ ಊಟದ ಹೊತ್ತನ್ನು ಹನ್ನೆರಡೂವರೆಯಿಂದ ಒಂದಕ್ಕೆ ತಳ್ಳಿದರು. ಗೋವಾದಲ್ಲಿ ಮೀನಿನ ಸಾರು ಅರ್ಧ ತಾಸು ಕಾದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವೆಲ್ಡರುಗಳು ಜಗಳವಾಡಲಿಲ್ಲ, ಮುಷ್ಕರ ಹೂಡಲಿಲ್ಲ; ಹನ್ನೆರಡೂವರೆಗೆ ಎಲ್ಲರಿಗೂ ಒಮ್ಮೆಲೇ ಮೂತ್ರಕ್ಕೆ ಅವಸರವಾಗಿ, ಒಂದೂವರೆಯವರೆಗೆ ಅವಸರವಾಗಿಯೇ ಉಳಿಯಿತು. ನಾಲ್ಕನೇ ದಿನ ಆದೇಶ ಹಿಂದಕ್ಕೆ ಹೋಯಿತು. “ನನ್ನ ಸರ್ವಿಸಿನ್ಯಾಗ ಇದು ಮೊದಲ್ನೇ ರಿಟ್ರೀಟ್,” ಎಂದು ಅವರೇ ಕ್ಯಾಂಟೀನಿನಲ್ಲಿ ಹೇಳಿಕೊಂಡರು. ನಗಲಿಲ್ಲ. ಅವರು ನಗುವುದನ್ನು ನಾವಾಗ ಇನ್ನೂ ಕಂಡಿರಲಿಲ್ಲ.

ಇಂಥ ಮನುಷ್ಯ ಸಿಕ್ಕ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಎರಡು ತಿಂಗಳಲ್ಲಿ ಅವರ ನಡಿಗೆ, ಗಂಟಲು, ಮಾತಿನ ನಡುವೆ ಗಡಿಯಾರ ನೋಡುವ ರೀತಿ ಎಲ್ಲ ನನ್ನ ಪಾಲಾಯಿತು. ಒಂದು ಮಧ್ಯಾಹ್ನ ಪೇಂಟರುಗಳ ಮುಂದೆ, ಕೈ ಹಿಂದೆ ಕಟ್ಟಿಕೊಂಡು, ಎದೆಯುಬ್ಬಿಸಿ ಕರ್ನಲ್ ಆಗಿ ಓಡಾಡುತ್ತಿದ್ದೆ. ನಗು ಒಮ್ಮೆಲೇ ನಿಂತಿತು. ಹಿಂದೆ ತಿರುಗಿದರೆ ಅವರೇ.

“ಎಡಗೈ ಮ್ಯಾಲೆ,” ಎಂದರು. “ನಾ ಎಡಗೈಲೆ ಬಲಗೈ ಮಣಿಕಟ್ಟು ಹಿಡೀತೇನಿ. ನೀ ಉಲ್ಟಾ ಹಿಡದೀ. ಉಳಿದದ್ದು ಬರೋಬರಿ ಅದ.”

ನಾನು ಕೈ ಬದಲಿಸಿದೆ. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ.

“ಇಷ್ಟು ನೋಡಾವ ಆಫೀಸಿನ್ಯಾಗ ಕುಂತು ಏನ ಮಾಡ್ತೀ? ನಾಳಿಂದ ಮರಳಿನ ಕಡೆ ಬಾ. ಶೀಟ್ ನೀ ಬರಿ.”

ಹೀಗೆ ನನ್ನ ತಂಟೆಗೆ ಶಿಕ್ಷೆಯ ಬದಲು ಬಡ್ತಿ ಸಿಕ್ಕಿತು. ಆ ಮರಳಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಟೂಲ್ ರೂಮಿನ ಪಕ್ಕದಲ್ಲಿ ಒಂದು ಮಂಚದಷ್ಟು ದೊಡ್ಡ ಕಟ್ಟಿಗೆಯ ತಟ್ಟೆ ಮಾಡಿಸಿ, ಅದರ ತುಂಬ ಮರಳು ಹರವಿಸಿದ್ದರು. ಬಾರ್ಜು ಮೇಲೇರುವ ಅಥವಾ ಕೆಳಗಿಳಿಯುವ ಪ್ರತಿ ಸಲ, ಎರಡು ದಿನ ಮೊದಲು, ಆ ಮರಳಿನಲ್ಲಿ ಇಡೀ ಯಾರ್ಡು ತಯಾರಾಗುತ್ತಿತ್ತು. ಎರಡು ವೆಲ್ಡಿಂಗ್ ಕಡ್ಡಿ ಇಳಿಜಾರಿನ ಹಳಿ, ಸೋಪಿನ ಡಬ್ಬಿ ಬಾರ್ಜು, ದಾರದ ಉಂಡೆ ಹಗ್ಗ ಹಿಡಿದು ಬಿಡುವ ವಿಂಚು, ನೀಲಿ ಪ್ಲಾಸ್ಟಿಕ್ ಚೀಲ ಜುವಾರಿ. ಕೆಲಸದಲ್ಲಿ ಕೈಯಿಡುವ ಪ್ರತಿಯೊಬ್ಬನೂ, ಗುಟ್ಕಾ ಉಗುಳಿ ಬಂದು, ತಾನು ನಿಲ್ಲುವ ಜಾಗದ ಮೇಲೆ ಬೆರಳಿಟ್ಟು, ತಾನು ಏನು ಮಾಡುತ್ತೇನೆಂದು ತನ್ನದೇ ಬಾಯಿಂದ ಹೇಳಬೇಕು. ಎಲ್ಲರದೂ ಮುಗಿದ ಮೇಲೆ ಕರ್ನಲ್ ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದರು: “ಕೋಯಿ ಶಕ್?” ಯಾವುದಾದರೂ ಸಂಶಯ ಇದೆಯೇ ಎಂದು. ಅದು ಸೈನ್ಯದಲ್ಲಿ ಪಾಠ ಮುಗಿಸುವಾಗ ಕೇಳುವ ಮಾತಂತೆ. ಅಲ್ಲಿ ಎಲ್ಲರೂ ಒಂದೇ ಗಂಟಲಲ್ಲಿ ಇಲ್ಲ ಎಂದು ಕೂಗುತ್ತಾರಂತೆ. ಇಲ್ಲಿ ಹಾಗೆ ಕೂಗಿದರೆ ಅವರಿಗೆ ಆಗುತ್ತಿರಲಿಲ್ಲ. “ಎಲ್ಲಾರೂ ಕೂಡಿ ಇಲ್ಲ ಅಂದ್ರ ಯಾರೂ ಏನೂ ಹೇಳಿಲ್ಲಂತ ಲೆಕ್ಕ,” ಎನ್ನುತ್ತಿದ್ದರು. ಹೆಸರು, ಕೆಲಸ, ಶಕ್ ಎಂದು ಮೂರು ಕಾಲಮಿನ ಶೀಟು. ಬರೆಯುವವನು ನಾನು, ಸಹಿ ಅವರದು.

ಬೆಳಿಗ್ಗೆ ಜೆಟ್ಟಿಯವರೆಗೆ ಒಂದು ಸುತ್ತು ಹೋಗುವಾಗ ಅವರು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರ ಸೈನ್ಯದ ಬದುಕು ನನಗೆ ತುಂಡು ತುಂಡಾಗಿ ಸಿಕ್ಕಿದ್ದು ಆ ನಡಿಗೆಯಲ್ಲಿ. ಯುದ್ಧದ ಕತೆ ಬರುತ್ತದೆಂದು ನಾನು ಕಿವಿ ನಿಮಿರಿಸಿಕೊಂಡಿದ್ದೆ, ಬಂದದ್ದೆಲ್ಲ ನದಿಗಳು. ಯಾವ ನದಿಯ ದಂಡೆ ಗಟ್ಟಿ, ಯಾವುದು ಮೇಲೆ ಒಣಗಿ ಒಳಗೆ ಕೊಳೆತದ್ದು, ಎಲ್ಲಿ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ. ಕ್ಯಾಪ್ಟನ್ ಆಗಿದ್ದಾಗ ಬೆಟ್ಟದ ಸೀಮೆಯಲ್ಲಿ ಅವರು ಒಂದು ಕಬ್ಬಿಣದ ಸೇತುವೆ ಜೋಡಿಸಿದ್ದರಂತೆ. ಲೆಕ್ಕವೆಲ್ಲ ಸರಿ, ನಟ್ಟು ಬೋಲ್ಟೆಲ್ಲ ಸರಿ. ಮೊದಲ ಲಾರಿ ದಾಟಿ ಆಚೆ ದಂಡೆಗೆ ಇಳಿದದ್ದೇ ಮುಂದಿನ ಗಾಲಿ ನೆಲದಲ್ಲಿ ಹೂತುಹೋಯಿತು. ಆಚೆ ದಂಡೆಯಲ್ಲಿ ಒಳಗೊಳಗೇ ಒರತೆ ಇತ್ತು. ಅಡುಗೆಗೆ ದಿನಾ ಅಲ್ಲಿಂದಲೇ ನೀರು ಹೊರುತ್ತಿದ್ದ ಜವಾನನಿಗೆ ಅದು ಗೊತ್ತಿತ್ತು.

“ಮತ್ತ ಅಂವ ಯಾಕ ಹೇಳಲಿಲ್ರಿ ಸರ್?”

“ನಾನೂ ಹಂಗ ಕೇಳಿದೆ. ‘ಯಾರೂ ಕೇಳಲಿಲ್ಲ ಸಾಬ್’ ಅಂದಾ.” ಸ್ವಲ್ಪ ದೂರ ನಡೆದ ಮೇಲೆ ಮಾತು ಮುಂದುವರಿಸಿದರು. “ಅವತ್ತಿನಿಂದ ನೀರು ಹೊರಾವನ್ನೂ ಮರಳಿನ ಮುಂದ ನಿಲ್ಲಸ್ತೇನಿ.”

ಇನ್ನೊಂದು ದಿನ ನಾನು ಸಲಿಗೆಯಿಂದ, “ಸೈನ್ಯ ಬಿಟ್ಟು ಇಲ್ಲಿಗೆ ಬಂದ್ರಿ, ಏನ ಫರಕ್ ಅನಸ್ತದರಿ ಸರ್?” ಎಂದೆ. ಅವರು ನೀರಿನ ಮೇಲೆ ತೇಲುತ್ತಿದ್ದ ಥರ್ಮೋಕೋಲಿನ ಪೆಟ್ಟಿಗೆಯನ್ನೇ ನೋಡುತ್ತ ಹೇಳಿದರು: “ಅಲ್ಲಿ ನಾ ಹೇಳಿದ್ದನ್ನ ಮಂದಿ ಮಾಡ್ತಿದ್ರು, ಹಿಂಗಾಗಿ ನಾ ಶಾಣ್ಯಾ ಅಂತ ತಿಳಕೊಂಡಿದ್ದೆ. ಇಲ್ಲಿ ಮೊದಲ ಒಪ್ಪಸಬೇಕು. ಒಪ್ಪಸಾಕ ಹ್ವಾದ್ರ, ನಾ ಹೇಳಿದ್ದ ತಪ್ಪು ಅಂತ ಅರ್ಧಾ ಸಲ ನನಗs ಗೊತ್ತಾಗ್ತದ.” ಇದನ್ನು ನಾನು ಆ ಸಂಜೆಯೇ ಮನೆಯಲ್ಲಿ ಅವರ ದನಿಯಲ್ಲಿ ಒಪ್ಪಿಸಿದೆ. ಅಪ್ಪ ಪೇಪರು ಕೆಳಗಿಟ್ಟು, “ಅದು ನಗೋ ಮಾತಲ್ಲಪಾ,” ಎಂದರು.

ಇನ್ನು ಕಾಕಾ. ವಿಂಚ್ ನಡೆಸುವವರು. ಬಾರ್ಜು ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ನದಿಗೆ ಇಳಿಯುವಾಗ, ಅದನ್ನು ಹಿಂದಿನಿಂದ ಉಕ್ಕಿನ ಹಗ್ಗದಿಂದ ಹಿಡಿದು, ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸುತ್ತ ಬಿಡುವ ಯಂತ್ರ ಅದು. ಅವರು ವಿಜಯಪುರದ ಇಂಡಿ ಕಡೆಯವರು. ಗೋವಾಕ್ಕೆ ಬಂದಾಗ ಮೀಸೆ ಕಪ್ಪಗಿತ್ತು, ಈಗ ಹುಬ್ಬೂ ಬೆಳ್ಳಗಾಗಿದೆ. ಗುತ್ತಿಗೆಯ ಕೆಲಸ, ಪ್ರತಿ ವರ್ಷ ಹೊಸ ಕಾಗದ. ಅವರನ್ನು ಯಾರ್ಡಿನಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು, ಅವರಿಗಿಂತ ಎರಡು ವರ್ಷ ದೊಡ್ಡವನಾದ ಗೋವೆಯ ಫೋರ್‌ಮನ್ ಕೂಡ.

ಕಾಕಾನ ದನಿ ನನ್ನ ಸಂಗ್ರಹದ ಒಡವೆ. ಮರಳಿನ ಮುಂದೆ ಅವರ ಸರದಿ ಬಂದಾಗ ಮೊದಲು ಎರಡು ಸಲ ಕೆಮ್ಮುವರು. ತಲೆಯ ಟವೆಲ್ಲನ್ನು ಬಿಚ್ಚಿ ಮತ್ತೆ ಸುತ್ತುವರು. ಕೇಳಿದವರ ಮುಖ ಬಿಟ್ಟು ನದಿ ನೋಡುವರು. ಆಮೇಲೆ, ಜಾತಕ ಓದುವವರ ಹಾಗೆ, “ನಂದೇನೂ ಶಕ್ ಇಲ್ರಿ,” ಎನ್ನುವರು. ಅಲ್ಲಿಗೆ ಎಲ್ಲರೂ ಉಸಿರು ಬಿಟ್ಟು ಹೊರಡಲು ಅಣಿಯಾಗುವಾಗ, “ಆದ್ರ…” ಎಂದು ಶುರುಮಾಡುವರು. ಆದರೆ ಹಗ್ಗಕ್ಕೆ ಗ್ರೀಸು ಕಡಿಮೆಯಿದೆ. ಆದರೆ ಎಡಗಡೆ ಹಳಿಯ ನಡುವೆ ಹುಲ್ಲು ಬಂದಿದೆ. ಆದರೆ ಟ್ರಾಲಿಯ ಕೆಳಗೆ ಆ ಕಂದು ನಾಯಿ ಮರಿ ಹಾಕಿದೆ, ಮೊದಲು ಅದನ್ನು ಎಬ್ಬಿಸಿ. ಊಟದ ಹೊತ್ತಿನ ಹತ್ತಿರ ಈ “ಆದ್ರ” ಬಂದರೆ ವೆಲ್ಡರುಗಳು ಹಲ್ಲು ಕಡಿಯುತ್ತಿದ್ದರು. ಕರ್ನಲ್ ಮಾತ್ರ ಪ್ರತಿಯೊಂದನ್ನೂ ಕೇಳಿ, ನನ್ನ ಕಡೆ ತಿರುಗಿ, “ಬರಿ,” ಎನ್ನುತ್ತಿದ್ದರು.

ನನ್ನ ನಕಲಿನಲ್ಲಿ ಎರಡು ಕೆಮ್ಮಿತ್ತು, ಟವೆಲ್ಲಿತ್ತು, ನದಿಯ ನೋಟವಿತ್ತು, “ಶಕ್ ಇಲ್ರಿ” ಇತ್ತು. “ಆದ್ರ” ಇರಲಿಲ್ಲ. ಮಂದಿ ನಗುವುದು “ಶಕ್ ಇಲ್ರಿ”ಗೆ. ನಗು ಬಂದ ಜಾಗದಲ್ಲಿ ನಿಲ್ಲಿಸುವುದು ನನ್ನ ಕಸುಬಿನ ಜಾಣತನ.

ಆ ಸಲದ ಬಾರ್ಜು ಮಾಲೀಕರ ಮನೆಯದೇ. ಯಾರ್ಡಿಗೂ ಅವರೇ ಯಜಮಾನರು. ತಾವೇ ಬಂದು ತೆಂಗಿನಕಾಯಿ ಒಡೆಸಿ ನೀರಿಗಿಳಿಸಬೇಕೆಂದು ಹೇಳಿಕಳಿಸಿದ್ದರು. ಸಮುದ್ರದ ಭರತ ಏರಿ ನದಿ ತುಂಬುವ ದಿನ, ಅವರಿಗೆ ಪುರುಸೊತ್ತಿರುವ ದಿನ ಎರಡನ್ನೂ ಹೊಂದಿಸಲು ಎಲ್ಲ ಕೆಲಸವೂ ಒಂದು ದಿನ ಮೊದಲೇ ಆಗಬೇಕಾಯಿತು. ಮರಳಿನ ತಾಲೀಮು ಬಂದು ಬಿದ್ದದ್ದು ಕಾಕಾ ರಜೆ ಹಾಕಿ, ಬಸುರಿ ಮಗಳ ಕುಬಸಕ್ಕೆ ಊರಿಗೆ ಹೋದ ದಿನದಂದು. ಕರ್ನಲ್ ಅವರ ಎರಡು ವರ್ಷದ ಕರಾರು ಆ ತಿಂಗಳೇ ಮುಗಿಯುವುದಿತ್ತು. ಮುಂದುವರಿಸುವುದು ಮಾಲೀಕರ ಕೈಯಲ್ಲಿ. ಈ ಸಂಗತಿ ಕ್ಯಾಂಟೀನಿನ ಬೆಕ್ಕಿಗೂ ಗೊತ್ತಿತ್ತು.

ಎಲ್ಲರ ಸರದಿ ಮುಗಿದು ದಾರದ ಉಂಡೆಯ ಹತ್ತಿರ ಬಂದಾಗ ಕರ್ನಲ್ ನಿಂತರು. “ವಿಂಚ್?”

“ಕಾಕಾ ಊರಿಗೆ ಹೋಗ್ಯಾರ್ರಿ,” ಎಂದರು ಯಾರೋ.

ಕರ್ನಲ್ ಗಡಿಯಾರ ನೋಡಿದರು. ಆ ಮೌನ ನನಗೆ ತಡೆಯಲಿಲ್ಲ. ಮೌನ ಕಂಡರೆ ನನಗೆ ಕಜ್ಜಿ ಬಂದ ಹಾಗೆ. ಮುಂದೆ ಹೋಗಿ, ದಾರದ ಉಂಡೆಯ ಮೇಲೆ ಬೆರಳಿಟ್ಟು, ಎರಡು ಸಲ ಕೆಮ್ಮಿ, ಇಲ್ಲದ ಟವೆಲ್ ಬಿಚ್ಚಿ ಸುತ್ತಿ, ನದಿ ನೋಡಿ, “ನಾ ಇಲ್ಲಿ ನಿಂದರತೇನ್ರಿ. ಬ್ರೇಕ್ ಹಿಡೀತೇನಿ, ಬಿಡಂದ್ರ ಬಿಡತೇನಿ. ನಂದೇನೂ ಶಕ್ ಇಲ್ರಿ,” ಎಂದೆ.

ಫೋರ್‌ಮನ್ ಹೊಟ್ಟೆ ಹಿಡಿದುಕೊಂಡ. ಅವತ್ತು ಕರ್ನಲ್ ಕೂಡ ನಕ್ಕರು. ಹಲ್ಲು ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. ಎರಡು ವರ್ಷದಲ್ಲಿ ಅವರನ್ನು ನಗಿಸಿದ ಮೊದಲಿಗ ನಾನೇ. ಆ ಹೆಮ್ಮೆ ಸಂಜೆಯವರೆಗೂ ನನ್ನನ್ನು ನೆಲದ ಮೇಲೆ ನಡೆಯಗೊಡಲಿಲ್ಲ. ನಗು ಒರೆಸಿಕೊಂಡು ಅವರು ಹೇಳಿದ್ದು ಇಷ್ಟು: “ಶಾಬಾಶ್. ನಾಳೆ ಅವರು ಬಂದ ಕೂಡ್ಲೆ ನೀ ಖುದ್ದ ಕೇಳಿ ಬರಿ. ಆಮ್ಯಾಲೆ ನಾ ಸಹಿ ಮಾಡ್ತೇನಿ.”

ಮರುದಿನ ಬೆಳಿಗ್ಗೆ ಗೇಟಿನ ಹೊರಗಿನ ಚಹಾದ ಗಾಡಿಯ ಹತ್ತಿರ ಕಾಕಾ ಸಿಕ್ಕರು. ಚೀಲದಿಂದ ಕುಬಸದ ಶೇಂಗಾ ಉಂಡಿ ತೆಗೆದು ನನ್ನ ಕೈಗಿಟ್ಟರು.

“ತಮ್ಮಾ, ನಿನ್ನಿ ಮರಳಿನ ಆಟ ಆತಂತಲ್ಲ. ನಂದೊಂದು ಮಾತಿತ್ತು. ಆ ಬ್ರೇಕಿನ ಪಟ್ಟಿ—”

ನನ್ನ ಬಾಯಲ್ಲಿ ಉಂಡಿ ಇತ್ತು. ಆದರೂ ಅವರ ಮಾತಿನ ಉಳಿದ ಅರ್ಧವನ್ನು ಅವರದೇ ದನಿಯಲ್ಲಿ ನಾನೇ ಮುಗಿಸಿದೆ: “—ಬ್ರೇಕಿನ ಪಟ್ಟಿಗೆ ನಾ ಅದೇನಿ, ನನಗ ಪಟ್ಟಿ ಐತಿ, ನಂದೇನೂ ಶಕ್ ಇಲ್ರಿ!”

ಗಾಡಿಯ ಸುತ್ತ ನಿಂತವರೆಲ್ಲ ಹೋ ಎಂದರು. ಕಾಕಾನೂ ನಕ್ಕರು. “ಮಂಗ್ಯಾನ ಮಗನ,” ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಸೈರನ್ ಕೂಗಿತು. ಎಲ್ಲರೂ ಒಳಗೆ ಹೋದೆವು. ಆಫೀಸಿನಲ್ಲಿ ಕೂತು ಮೂರನೇ ಕಾಲಮಿನಲ್ಲಿ, ಕಾಕಾನ ಹೆಸರಿನ ಎದುರಿಗೆ, ‘ಶಕ್ ಇಲ್ಲ’ ಎಂದು ಬರೆದೆ. ಅವರನ್ನು ಕೇಳಿದ್ದೇನೆ ಎಂದೇ ನನಗಾಗ ಅನಿಸಿತ್ತು. ಅದೇ ನನಗೆ ಈಗಲೂ ಅರ್ಥವಾಗದ ಸಂಗತಿ. ಅವರ ಮಾತು ನನ್ನ ಬಾಯಿಂದ ಬಂದದ್ದಕ್ಕೂ ಅವರ ಬಾಯಿಂದ ಬರುವುದಕ್ಕೂ ವ್ಯತ್ಯಾಸವೇ ಕಾಣದಷ್ಟು ನಾನು ನನ್ನ ಕಸುಬಿನಲ್ಲಿ ಮುಳುಗಿಹೋಗಿದ್ದೆ. ಕರ್ನಲ್ ಶೀಟು ನೋಡಿ, “ಕೇಳಿದ್ಯಾ?” ಎಂದರು. “ಹೌದ್ರಿ ಸರ್.” ಸಹಿ ಬಿತ್ತು.

ಆಮೇಲೆ ತಿಳಿದದ್ದು: ಬ್ರೇಕಿನ ಒಳಗಿನ ಪಟ್ಟಿ ಸವೆದಿತ್ತು. ಕಾಕಾ ಹಿಂದಿನ ವಾರವೇ ಫೋರ್‌ಮನ್‌ಗೆ ಹೇಳಿದ್ದರು. ಅವನು, “ಥಂಯ್ ಸಾಂಗ್ ರೇ ಕಾಕಾ, ಮರಳಿನ ಮುಂದ ಸಾಂಗ್” ಎಂದು, ಅಲ್ಲೇ ಹೇಳು ಎಂದಿದ್ದ. ತಪ್ಪೇನಲ್ಲ, ಹೇಳುವ ಜಾಗ ಅಂತ ಒಂದಿತ್ತಲ್ಲ. ಆ ಜಾಗದಲ್ಲಿ ನಾನು ನಿಂತಿದ್ದೆ. ಕಾಕಾ ಕೊನೆಗೆ ತಮ್ಮ ಕೈಯಿಂದಾದಷ್ಟು ಬ್ರೇಕಿನ ನಟ್ಟುಗಳನ್ನು ಬಿಗಿದು, ಅಷ್ಟರ ಮೇಲೆ ನಡೆಸಿದ್ದರು.

ನೀರಿಗಿಳಿಸುವ ದಿನ ಬಾರ್ಜಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮಾಲೀಕರ ಮನೆಯವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಯಿ ಒಡೆಯಿತು, ಗಾಲಿಗೆ ಅಡ್ಡ ಇಟ್ಟಿದ್ದ ಮರದ ತುಂಡುಗಳನ್ನು ಬಡಿದು ತೆಗೆದರು, ಭಾರವೆಲ್ಲ ವಿಂಚಿನ ಮೇಲೆ ಬಂತು. ಮೊದಲು ಸುಟ್ಟ ವಾಸನೆ. ಆಮೇಲೆ ವಿಂಚಿನ ಮನೆಯಿಂದ ಹೊಗೆ. ಟ್ರಾಲಿ ಜಾರತೊಡಗಿತು. ನಿಧಾನಕ್ಕೆ ಇಳಿಯಬೇಕಾದ ಬಾರ್ಜು ತೌರಿಗೆ ಹೊರಟವಳ ಹಾಗೆ ಓಡಿತು. ಕಾಕಾ ಬ್ರೇಕಿನ ಹಿಡಿಕೆಗೆ ಮೈಯ ಭಾರವನ್ನೆಲ್ಲ ಹಾಕಿ ಜೋತುಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಬಿಟ್ಟು ಓಡಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಹಿಡಿದದ್ದರಿಂದ ಓಟ ಅರ್ಧಕ್ಕಿಳಿಯಿತು. ಬಾರ್ಜು ನೀರಿಗೆ ದಬ್ಬನೆ ಬಿದ್ದು, ಓರೆಯಾಗಿ ತೇಲಿ, ಪಕ್ಕದ ಜೆಟ್ಟಿಯ ಕಂಬಕ್ಕೆ ಹಿಂಬದಿ ಕೊಟ್ಟು ನಿಂತಿತು. ತಗಡು ಒಳಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಕಾಕಾನ ಅಂಗೈ ಎರಡನ್ನು ಬಿಟ್ಟು. ಅವು ಬೊಬ್ಬೆ ಬಂದು ಪುರಿಯ ಹಾಗೆ ಉಬ್ಬಿದ್ದವು.

ಮಾಲೀಕರು ಶೀಟು ತರಿಸಿ ನೋಡಿದರು. ವಿಂಚ್ ನಡೆಸುವವನು ಹಾಜರಿದ್ದ, ಅವನಿಗೆ ಶಕ್ ಇರಲಿಲ್ಲ, ಅದರ ಕೆಳಗೆ ಸಿಇಒ ಸಹಿ. ಇನ್ನೇನು ಬೇಕು? ತೀರ್ಮಾನವಾಗುವ ತನಕ ಮುದುಕನನ್ನು ಗೇಟಿನ ಒಳಗೆ ಬಿಡಬೇಡಿ ಎಂದು ಹೇಳಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಕೊರ್ತಾಲಿಮ್ ಸ್ಟಾಪಿನಲ್ಲಿ ನನ್ನ ಬಸ್ಸು ನಿಂತಾಗ ಕಾಕಾ ಅಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ಕೆಲಸದ ಅಂಗಿ, ತಲೆಗೆ ಟವೆಲ್ಲು, ಪಕ್ಕದಲ್ಲಿ ಊಟದ ಡಬ್ಬಿ. ಮನೆಯಲ್ಲಿ ಹೇಳಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಕಂಡು ಪಟ್ಟಿ ಸುತ್ತಿದ ಕೈ ಎತ್ತಿದರು. ನಾನು ಮುಂದಿನ ಸೀಟಿನ ಹಿಂದೆ ತಲೆ ತಗ್ಗಿಸಿದೆ. ಇದನ್ನೂ ಒಪ್ಪಿಕೊಳ್ಳಬೇಕು, ಬಾರ್ಜಿನ ವಿಷಯ ಒಪ್ಪಿಕೊಂಡದ್ದಕ್ಕಿಂತ ಇದು ಕಷ್ಟ.

ಯಾರ್ಡಿನಲ್ಲಿ ಅಂದು ಎಲ್ಲರೂ ನನ್ನನ್ನು ನೋಡುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಮರಳಿನ ಮುಂದೆ ನಿಂತವರೆಲ್ಲರಿಗೂ ಕಾಕಾ ಅಲ್ಲಿರಲಿಲ್ಲವೆಂದು ಗೊತ್ತು. ಹಾಗೆಂದು ಹೇಳಿದರೆ ಕರ್ನಲ್ ಸುಳ್ಳು ಶೀಟಿಗೆ ಸಹಿ ಹಾಕಿದರೆಂದಾಗುತ್ತದೆ, ಅದೂ ಕರಾರು ಮುಗಿಯುವ ತಿಂಗಳಲ್ಲಿ. ಒಬ್ಬರ ಮರ್ಯಾದೆ ಉಳಿಸಲು ಹೋಗಿ ಇನ್ನೊಬ್ಬರ ಹೊಟ್ಟೆಯ ಮೇಲೆ ಎಲ್ಲರೂ ಸುಮ್ಮನೆ ಕೂತಿದ್ದೆವು. ಮಧ್ಯಾಹ್ನ ನಾನು ಅವರ ಕೋಣೆಗೆ ಹೋದೆ.

“ಸರ್, ನಾ ಕಾಕಾಗ ಕೇಳಲಿಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಕೇಳೇನಿ ಅಂದಿದ್ಯಲ್ಲ?”

“ಅಂದಿದ್ದೆ. ಅವರು ಹೇಳಾಕ ಬಂದಿದ್ರು. ನಾ ನಕಲ್ ಮಾಡಿ ಬಾಯಿ ಮುಚ್ಚಿಸಿದೆ.”

ಬೈಯುತ್ತಾರೆಂದು ಕಾದೆ. ಬೈಗುಳ ನನಗೆ ಒಗ್ಗುತ್ತದೆ. ಸಂಜೆ ಅದನ್ನು ಅವರ ದನಿಯಲ್ಲಿ ಅಂದು ತೋರಿಸಿ ಹಗುರಾಗಬಹುದು. ಅವರು ಬೈಯಲಿಲ್ಲ. ಕಿಟಕಿಯ ಹೊರಗೆ, ಕಂಬಕ್ಕೆ ಕಟ್ಟಿಹಾಕಿದ್ದ ಬಾರ್ಜನ್ನು ನೋಡುತ್ತ ಕೂತರು. “ಇಪ್ಪತ್ತಾರು ವರ್ಷ ಒಬ್ಬ ಮನಷ್ಯಾ ಬಂದಿಲ್ಲಂದ್ರ ಕೆಲಸಾ ನಿಲ್ಲಿಸೇನಿ,” ಎಂದರು. “ಇಲ್ಲಿ ಮಂದಿ, ಸಾಹೇಬ್ರ ಸ್ವಲ್ಪ ನಗ್ರಿ, ಇದು ಪಲ್ಟನ್ ಅಲ್ಲ ಅಂತಿದ್ರು. ಖರೇ ಅನಿಸ್ತು. ಅವತ್ತ ನಕ್ಕೆ.” ಆಮೇಲೆ ನನ್ನ ಕಡೆ ತಿರುಗಿ, “ನಾಳೆ ಹನ್ನೊಂದಕ್ಕ ಮಾಲಕರು ಬರ್ತಾರ. ನೀನೂ ಬಾ. ಕಾಕಾನ್ನೂ ಕರಸ್ತೇನಿ,” ಎಂದರು.

ಸಭೆ ಅವರ ಕೋಣೆಯಲ್ಲೇ. ಮಾಲೀಕರು ಹಿಂದಿಯಲ್ಲಿ ಮಾತಾಡುವವರು, ಆದರೆ ಮೂವತ್ತು ವರ್ಷ ನಮ್ಮ ಕಡೆಯವರನ್ನು ದುಡಿಸಿ ಕನ್ನಡ ಒಂದಕ್ಷರ ಬಿಡದೆ ತಿಳಿಯುತ್ತಿದ್ದರು. ಫೋರ್‌ಮನ್ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕಾಕಾ ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಬಳಿ ನಿಂತರು. ಮಾಲೀಕರು ಶೀಟನ್ನು ಮೇಜಿನ ಮೇಲೆ ತಟ್ಟಿ, ಇವನೇ ಸಂಶಯವಿಲ್ಲ ಎಂದಿದ್ದಾನೆ, ಇನ್ನು ಮಾತಾಡುವುದೇನಿದೆ ಎಂದರು.

ಕರ್ನಲ್ ನನ್ನ ಕಡೆ ತಿರುಗಿದರು. “ಅವತ್ತ ಮರಳಿನ ಮುಂದ ಏನ ಹೇಳಿದಿ, ಹಂಗs ಹೇಳು. ಅದs ದನಿಯೊಳಗ.”

“ಸರ್…”

“ಹೇಳು.”

ಎರಡು ಸಲ ಕೆಮ್ಮಿದೆ. ಟವೆಲ್ ಸುತ್ತಲು ಎತ್ತಿದ ಕೈ ತಲೆಯವರೆಗೆ ಹೋಗಲಿಲ್ಲ. ನದಿಯ ಕಡೆ ನೋಡಬೇಕಾಗಿತ್ತು, ಕಣ್ಣು ಹೋದದ್ದು ಬಾಗಿಲಿಗೆ, ಬಾಗಿಲಲ್ಲಿ ಕಾಕಾ ಇದ್ದರು. “ನಂದೇನೂ ಶಕ್ ಇಲ್ರಿ,” ಎಂದೆ. ದನಿ ಚೆನ್ನಾಗಿಯೇ ಬಂತು. ಯಾರೂ ನಗಲಿಲ್ಲ. ನಾನು ಜೀವನದಲ್ಲಿ ತೆಗೆದ ದನಿಗಳಲ್ಲಿ ನಗು ಬೀಳದ ಮೊದಲನೆಯದು ಅದು. ನಗುವಿಲ್ಲದಾಗ ಆ ದನಿ ಬರೀ ಕಳ್ಳತನದ ಹಾಗೆ ಕೇಳಿಸಿತು.

“ಕಾಕಾ ದಿನಾ ಅಷ್ಟಕ್ಕ ನಿಲ್ಲಸ್ತಾರೇನು?” ಕರ್ನಲ್ ಕೇಳಿದರು.

“ಇಲ್ಲ ಸರ್. ಆಮ್ಯಾಲೆ ‘ಆದ್ರ’ ಅಂತಾರ.”

“ಆದ್ರ, ಏನು?”

“ನಾ ಕೇಳಲಿಲ್ಲ ಸರ್.”

ಕರ್ನಲ್ ಮಾಲೀಕರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಸಂಶಯವಿಲ್ಲ ಎಂದವನು ಈ ಹುಡುಗ. ಬ್ರೇಕು ಸವೆದದ್ದು ನನಗೆ ತಿಳಿಯಲೆಂದೇ ಒಂದು ದಾರಿ ಮಾಡಿದ್ದೆ, ಇವನು ಅದಕ್ಕೆ ಅಡ್ಡ ನಿಂತ, ಅಲ್ಲಿ ನಿಲ್ಲಿಸಿದವನು ನಾನು, ನಕ್ಕವನೂ ನಾನು, ಸಹಿಯೂ ನನ್ನದು. ಯಾರಿಗಾದರೂ ಮನೆಗೆ ಹೋಗುವ ಪತ್ರ ಬರೆಯುವುದಿದ್ದರೆ ಮೊದಲನೆಯದು ನನ್ನ ಹೆಸರಿಗೆ ಬರಲಿ. ಇಷ್ಟು ಹೇಳಿ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ನಿಂತರು.

ಮಾಲೀಕರ ಸಿಟ್ಟಿಗೆ ಹೋಗಲು ಜಾಗವಿಲ್ಲದಂತಾಗಿತ್ತು. ಕರ್ನಲ್‌ರನ್ನು ನೋಡಿದರು, ನನ್ನನ್ನು ನೋಡಿ ಮುಖ ಸಿಂಡರಿಸಿದರು, ಕೊನೆಗೆ ಕಾಕಾನ ಪಟ್ಟಿ ಸುತ್ತಿದ ಕೈಗಳ ಮೇಲೆ ಅವರ ಕಣ್ಣು ನಿಂತಿತು. ಮುಂದಿನ ವಾರ ಇನ್ನೊಂದು ಬಾರ್ಜು ಇಳಿಯಬೇಕಲ್ಲ, ವಿಂಚಿನ ಮೇಲೆ ನಾನೀಗ ಯಾರನ್ನು ನಂಬಿ ನಿಲ್ಲಿಸಲಿ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಆ ಕೋಣೆಯಲ್ಲಿ ಅಂದು ಅದೇ ಕೊನೆಯ ಪ್ರಶ್ನೆಯಾಯಿತು. ಉತ್ತರ ಬಾಗಿಲಿನಿಂದ ಬಂತು, ಕೆಮ್ಮಿಲ್ಲದೆ, ಟವೆಲ್ಲಿಗೆ ಕೈ ಹಾಕದೆ, ನೇರ ಅವರ ಮುಖ ನೋಡಿಕೊಂಡು:

“ಹೊಸಾ ಪಟ್ಟಿ ಹಾಕಸ್ರಿ, ನಾನs ನಿಂದರತೇನ್ರಿ. ಮರಳಿನ ಮುಂದ ನನ್ನ ಮಾತು ನಾ ಆಡತೇನಿ. ಅಷ್ಟೊತ್ತು ಈ ತಮ್ಮನ್ನ ಚಾ ತರಾಕ ಕಳಸ್ರಿ.”